ನನ್ನ ಸಪ್ಲೈಯರ್ ಸುಗಂಧಿಯ ಜಪಾನಿ ರೈಲು

ಈ ಮೂವತ್ತು ವರ್ಷಗಳಲ್ಲಿ ನನ್ನ ಹೋಟೆಲಿನಿಂದ ಕೆಲಸ ಬಿಟ್ಟು ಹೋದವರು ಬೇಕಾದಷ್ಟು ಜನ. ಒಬ್ಬ ಸ್ವಂತ ಹೋಟೆಲು ಹಾಕಿದ, ಅದೂ ನನ್ನ ಹೋಟೆಲಿನ ಎದುರಿಗೇ. ಇಬ್ಬರು ಹೇಸ್‌ನ ಗೋದಾಮಿಗೆ ಸೇರಿದರು. ಇನ್ನೊಬ್ಬ ನನ್ನ ಖಾಯಂ ಗಿರಾಕಿಯೊಬ್ಬಳನ್ನು ಮದುವೆಯಾಗಿ ಕಿಂಗ್ಸ್‌ಬರಿಗೆ ಹೋದ. ಒಂದೇ ದಿನ ಸಪ್ಲೈಯರ್ ಕೂಡ ಹೋದ, ಗಿರಾಕಿಯೂ ಹೋದಳು. ಇವರೆಲ್ಲರ ಮೇಲೂ ನನಗೆ ಸಿಟ್ಟಿತ್ತು, ಬೇಗ ಇಳಿಯಿತು. ಆದರೆ ಒಂದು ರೈಲಿಗೋಸ್ಕರ ನನ್ನನ್ನು ಬಿಟ್ಟು ಹೋದವಳು ಸುಗಂಧಿ ಒಬ್ಬಳೇ. ಆ ಸಿಟ್ಟು ಇಳಿಯುವುದಕ್ಕೆ ಹತ್ತು ವರ್ಷದ ಮೇಲೆ ಬೇಕಾಯಿತು.

ನಾನು ಶೀನಪ್ಪ, ಕುಂದಾಪುರದ ಕಡೆಯವನು. ಲಂಡನ್ನಿನ ಇಲ್ಫರ್ಡ್ ಸ್ಟೇಷನ್ನಿನಿಂದ ಎಂಟು ನಿಮಿಷ ನಡೆದರೆ ನನ್ನ ಹೋಟೆಲು. ನಾನು ಮುಂಗೋಪಿ ಎಂದು ಜನ ಹೇಳುತ್ತಾರೆ. ಹೇಳಲಿ ಬಿಡಿ. ಅವರ ತಟ್ಟೆಗೆ ದೋಸೆ ಬಿಸಿಬಿಸಿಯಾಗಿ ಬರುವುದು ಆ ಕೋಪದ ದೆಸೆಯಿಂದಲೇ.

ಸುಗಂಧಿ ಕೋಟೇಶ್ವರದವಳು. ನನ್ನಲ್ಲಿ ದೋಸೆ ಹುಯ್ಯುವ ಜಗನ್ನಾಥನನ್ನು ಮದುವೆಯಾಗಿ 2008ರಲ್ಲಿ ಲಂಡನ್ನಿಗೆ ಬಂದಳು, ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಬಂದ ಎರಡನೇ ವಾರಕ್ಕೇ ಸಪ್ಲೈಗೆ ನಿಂತಳು. ಅಬ್ಬಬ್ಬಾ, ಏನು ಗಂಟಲು ಅದು! ಅವಳು ಮೂಲೆಯ ಟೇಬಲ್ಲಿನಿಂದ ಆರ್ಡರ್ ಕೂಗಿದರೆ ಪಕ್ಕದ ಸೆಲೂನಿನವನು ಕತ್ತರಿ ನಿಲ್ಲಿಸುತ್ತಿದ್ದ.

ನನ್ನ ಹೋಟೆಲಿನಲ್ಲಿ ಒಂದು ಪದ್ಧತಿ ಇದೆ. ಸಪ್ಲೈಯರ್ ನಿಂತಲ್ಲಿಂದಲೇ ಒಳಗೆ ಕೈ ತೋರಿಸಿ "ಎರಡ್ ಮಸಾಲೆ, ಒಂದ್ ಸೆಟ್" ಎಂದು ಕೂಗಬೇಕು. ಒಳಗಿನವನು ಅದನ್ನೇ ತಿರುಗಿ ಕೂಗಬೇಕು. ಸಪ್ಲೈಯರ್ "ಹೌದ್" ಅನ್ನಬೇಕು. ಆ "ಹೌದ್" ಬೀಳದೆ ಕಾವಲಿಯ ಮೇಲೆ ಒಂದು ಸೌಟು ಹಿಟ್ಟೂ ಬೀಳಕೂಡದು. ಈಗಿನವರು ಟ್ಯಾಬ್ಲೆಟ್ಟು, ಪ್ರಿಂಟರು ಎಂದೆಲ್ಲ ಇಟ್ಟುಕೊಂಡಿದ್ದಾರೆ. ಅವರ ಹೋಟೆಲಿನಲ್ಲಿ ಈರುಳ್ಳಿ ಬೇಡವೆಂದವರಿಗೇ ಈರುಳ್ಳಿ ಹೋಗುತ್ತದೆ. ನನ್ನಲ್ಲಿ ಹಾಗಾಗುವುದಿಲ್ಲ.

ಇದಕ್ಕೊಂದು ಅಪವಾದವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಹೋಟೆಲು ಊರಿನ ಇನ್ನೊಂದು ಮೂಲೆಯಲ್ಲಿದ್ದ ಕಾಲದಲ್ಲಿ ಅಡುಗೆಮನೆಯ ಶುಚಿ ನೋಡಲು ಒಬ್ಬ ಅಧಿಕಾರಿ ಬಂದಿದ್ದ. ನಮ್ಮ ಕೂಗಾಟ ಕೇಳಿ, ಇಲ್ಲಿನ ಕೆಲಸದವರು ಹೊಡೆದಾಡಿಕೊಳ್ಳುತ್ತಿದ್ದಾರೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಹೋದ. ಅದನ್ನು ಅಳಿಸಲು ನನಗೆ ಮೂರು ತಿಂಗಳು ಹಿಡಿಯಿತು. ಅಂದಿನಿಂದ ಕೌಂಟರಿನ ಮೇಲೊಂದು ಗಂಟೆ ಇಟ್ಟೆ. ಸೂಟು ಹಾಕಿ ಪುಸ್ತಕ ಹಿಡಿದವರು ಯಾರಾದರೂ ಬಾಗಿಲು ದಾಟಿದರೆ ನಾನು ಎರಡು ಸಲ ಗಂಟೆ ಹೊಡೆಯುತ್ತಿದ್ದೆ. ಎಲ್ಲರ ಬಾಯಿಗೂ ಬೀಗ. ಅವರು ಹೋಗುವ ತನಕ ಕೈಸನ್ನೆ, ಕಣ್ಸನ್ನೆ ಮಾತ್ರ. ಸುಗಂಧಿ ಈ ಪಾಠವನ್ನೂ ಚೆನ್ನಾಗಿಯೇ ಕಲಿತಳು.

2009ರ ಡಿಸೆಂಬರಿನಲ್ಲಿ ಗ್ರೇವ್ಸೆಂಡ್‌ನಲ್ಲಿ ಒಂದು ನಾಮಕರಣದ ಆರ್ಡರ್ ಇತ್ತು. ಆವತ್ತೇ ವ್ಯಾನು ಕೈಕೊಟ್ಟಿತು. ಗೋಳಿಬಜೆಯ ಎರಡು ದೊಡ್ಡ ಡಬ್ಬ ಹೊರಿಸಿ ಗಂಡ ಹೆಂಡತಿ ಇಬ್ಬರನ್ನೂ ರೈಲಿಗೆ ಓಡಿಸಿದೆ. ಸ್ಟ್ರಾಟ್‌ಫರ್ಡ್‌ನಲ್ಲಿ ಹೊಸ ಸ್ಟೇಷನ್ ತೆರೆದು ಒಂದು ತಿಂಗಳೂ ಆಗಿರಲಿಲ್ಲ. ಅಲ್ಲಿಂದ ಹೊಸ ನೀಲಿ ರೈಲು ಹತ್ತಿದರು. ಸಂಜೆ ವಾಪಸು ಬಂದಾಗ ನಾನು ಕೇಳಿದ್ದು ಗೋಳಿಬಜೆಯ ವಿಷಯ, ಅವಳು ಶುರು ಮಾಡಿದ್ದು ರೈಲಿನ ಕಥೆ.

"ಹ್ವಾಯ್ ಶೀನಣ್ಣ, ಹತ್ತಿ ಕೂಕಂಡ್ ಡಬ್ಬ ಸರಿ ಮಾಡುದ್ರೊಳ್ಗೆ ಊರ್ ಬಂತ್! ಗೋಳಿಬಜೆ ಬಿಸಿ ಆರ್ಲಿಲ್ಲ ಕಾಣಿ. ಅದ್ ಜಪಾನಿನ ರೈಲಂಬ್ರ್!"

"ಜಪಾನಿಂದೋ ಜೈಪುರದ್ದೋ, ನಾಲ್ಕನೇ ಟೇಬಲ್ ಒರ್ಸ್ ಹೋಗ್" ಎಂದೆ ನಾನು.

ಒರೆಸಿದಳು. ಆದರೆ ತಲೆಯೊಳಗಿನ ರೈಲು ನಿಲ್ಲಲಿಲ್ಲ. ಲೈಬ್ರರಿಗೆ ಹೋಗಿ ಪುಸ್ತಕ ತಂದಳು, ಇಂಗ್ಲಿಷ್ ಬಾರದ ಕಡೆ ಗಿರಾಕಿಗಳನ್ನು ಹಿಡಿದು ಓದಿಸಿದಳು. ಒಂದು ವರ್ಷದೊಳಗೆ ಅವಳ ಬಾಯಿಂದ ಕೇಳಿ ಕೇಳಿ ನನಗೂ ಆ ರೈಲಿನ ಜಾತಕ ಬಾಯಿಪಾಠವಾಯಿತು. ಹೆಸರು ಜಾವೆಲಿನ್. ಹುಟ್ಟಿದ್ದು ಜಪಾನಿನ ಕಸಾಡೋ ಎಂಬಲ್ಲಿ. 2007ರಲ್ಲಿ ಮೊದಲನೆಯದು ಹಡಗಿನಲ್ಲಿ ಸೌತಾಂಪ್ಟನ್ನಿಗೆ ಬಂದಿಳಿಯಿತು. ಎರಡು ವರ್ಷ ಓಡಿಸಿ ಓಡಿಸಿ ಪರೀಕ್ಷೆ ಮಾಡಿದ ಮೇಲೆಯೇ ಜನರನ್ನು ಹತ್ತಿಸಿದ್ದು. ಆರಾರು ಬೋಗಿಯ ಇಪ್ಪತ್ತೊಂಬತ್ತು ರೈಲು. ಮೈಯೆಲ್ಲ ಅಲ್ಯುಮಿನಿಯಂ. ಆ ತಗಡುಗಳನ್ನು ಕರಗಿಸಿ ಬೆಸೆದಿಲ್ಲ, ತಿರುಗುವ ಕಡ್ಡಿಯಿಂದ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿ ಒಂದಕ್ಕೊಂದು ಕಲಸಿದ್ದಾರೆ. ಹಾಗಾಗಿ ಹಗುರ, ಗಟ್ಟಿ. ಗಂಟೆಗೆ ಇನ್ನೂರ ಇಪ್ಪತ್ತೈದು ಕಿಲೋಮೀಟರ್.

ಅವಳಿಗೆ ಎಲ್ಲಕ್ಕಿಂತ ಹುಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಜಪಾನಿನಲ್ಲಿ 1992ರಲ್ಲಿ ಒಂದು ಸಣ್ಣ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಬಂತಂತೆ. ದೊಡ್ಡ ಶಿಂಕಾನ್ಸೆನ್‌ಗಳು ತಮಗೆಂದೇ ಹಾಕಿದ ಹೊಸ ಹಾದಿ ಬಿಟ್ಟು ಕದಲುವುದಿಲ್ಲ. ಇದು ಮಾತ್ರ ಟೋಕಿಯೋದಿಂದ ಹೊಸ ಹಾದಿಯಲ್ಲಿ ಹಾರಿ ಬಂದು, ಆಮೇಲೆ ಹಳೆಯ ಹಾದಿಗೆ ಇಳಿದು ಬೆಟ್ಟದ ನಡುವಿನ ಊರುಗಳಿಗೆ ಹೋಗುತ್ತಿತ್ತು. ನಮ್ಮ ಜಾವೆಲಿನ್ ಅದರ ಕೂಸು. ಸೇಂಟ್ ಪ್ಯಾಂಕ್ರಾಸ್‌ನಿಂದ ಎಬ್ಸ್‌ಫ್ಲೀಟ್ ತನಕ ಹೊಸ ಹಾದಿ, ಕರೆಂಟು ತಲೆಯ ಮೇಲಿನ ತಂತಿಯಿಂದ. ಎಬ್ಸ್‌ಫ್ಲೀಟ್‌ನಲ್ಲಿ ಒಂದು ನಿಮಿಷ ನಿಂತು ತಲೆಯ ಮೇಲಿನ ಕೈ ಮಡಚಿಕೊಂಡು, ಕೆಳಗೆ ಪಾದ ಚಾಚಿ, ಹಳಿಯ ಪಕ್ಕದ ಮೂರನೇ ಹಳಿಯಿಂದ ಕರೆಂಟು ಹೀರಿಕೊಂಡು ಕೆಂಟ್ ಜಿಲ್ಲೆಯ ಹಳೆಯ ಊರುಗಳಿಗೆ ಹೋಗುತ್ತದೆ. ನಮ್ಮಲ್ಲಿ ಗ್ಯಾಸು ಮುಗಿದರೆ ಕರೆಂಟಿನ ಒಲೆ ಹಚ್ಚಿದ ಹಾಗೆ ಎಂದು ಜಗನ್ನಾಥನಿಗೆ ವಿವರಿಸುತ್ತಿದ್ದಳು. ಪಾಪ, ಅವನು ಹೂಂ ಹೂಂ ಎನ್ನುತ್ತ ದೋಸೆ ಮಗುಚುತ್ತಿದ್ದ.

2012ರಲ್ಲಿ ಲಂಡನ್ನಿಗೆ ಒಲಿಂಪಿಕ್ಸ್ ಬಂತು. ಸೇಂಟ್ ಪ್ಯಾಂಕ್ರಾಸ್‌ನಿಂದ ಸ್ಟ್ರಾಟ್‌ಫರ್ಡ್‌ಗೆ ಏಳೇ ನಿಮಿಷ, ಜನಸಾಗರವನ್ನೇ ಹೊತ್ತವು ಆ ನೀಲಿ ರೈಲುಗಳು. ಅವನ್ನು ಗುಡಿಸಿ ಒರೆಸಲು ಆ ಬೇಸಿಗೆಗೆ ಜನ ಬೇಕಾಗಿತ್ತು. ಎರಡು ವರ್ಷದ ಮಗಳು ತೃಷಾಳನ್ನು ಸೊಂಟಕ್ಕೇರಿಸಿಕೊಂಡು ಬಂದು ಸುಗಂಧಿ ನನ್ನ ಮುಂದೆ ನಿಂತಳು. "ಎರಡೇ ತಿಂಗ್ಳ್ ಶೀನಣ್ಣ" ಎಂದಳು. ನಾನು ಆಗಲೇ ಹೇಳಿದೆ, ನೀನು ವಾಪಸು ಬರುವವಳಲ್ಲ ಎಂದು. ಬರಲೂ ಇಲ್ಲ. ಒಳ್ಳೆಯ ಸಪ್ಲೈಯರ್ ಹೋಗಿ ಕಸ ಗುಡಿಸುತ್ತಾಳಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಏಳು ವರ್ಷ ಸೀಟಿನ ಅಡಿಯಿಂದ ಚಿಪ್ಸಿನ ಪೊಟ್ಟಣ ಹೆಕ್ಕಿದಳು. ನಾಲ್ಕು ವರ್ಷ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿ ರೈಲು ಬಿಟ್ಟಳು. ಮೂವತ್ತೆಂಟನೇ ವಯಸ್ಸಿಗೆ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದಳು. ಲಿಖಿತ ಪರೀಕ್ಷೆ, ಕಣ್ಣಿನ ಪರೀಕ್ಷೆ, ಏಕಾಗ್ರತೆಯ ಪರೀಕ್ಷೆ, ಎಲ್ಲ ದಾಟಿದಳು. ಒಂದೂವರೆ ವರ್ಷ ತರಬೇತಿಯಾಯಿತು. ಅಷ್ಟು ಹೊತ್ತಿಗೆ ನನ್ನ ಸಿಟ್ಟೂ ಮುಕ್ಕಾಲು ಇಳಿದಿತ್ತು. ಗಿರಾಕಿಗಳ ಹತ್ತಿರ "ನಮ್ಮ ಹುಡುಗಿ" ಎಂದು ಕೊಚ್ಚಿಕೊಳ್ಳಲು ಶುರು ಮಾಡಿದ್ದೆ.

ಕೊನೆಯದು ಓಡಿಸುವ ಪರೀಕ್ಷೆ. ಹೋದ ಜನವರಿಯಲ್ಲಿ ನಡೆಯಿತು. ಪರೀಕ್ಷಕ ಟ್ರೆವರ್ ಎಂಬವನು, ಚಾಥಂ ಊರಿನವನು, ಮೂವತ್ತು ವರ್ಷ ರೈಲು ಓಡಿಸಿ ತಲೆ ಬೆಳ್ಳಗಾದವನು, ಒಳ್ಳೆಯವನೇ. ಪರೀಕ್ಷೆಯಲ್ಲಿ ಸುಮ್ಮನೆ ಓಡಿಸಿದರೆ ಸಾಲದು. ಏನು ಕಾಣುತ್ತಿದೆ, ಏನು ಮಾಡುತ್ತಿದ್ದೇನೆ, ಮುಂದೇನು ಬರುತ್ತದೆ, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತ ಓಡಿಸಬೇಕು. ಡ್ರೈವರಿನ ಗಮನ ಎಲ್ಲಿದೆ ಎಂದು ಪಕ್ಕದವನಿಗೆ ಗೊತ್ತಾಗಬೇಕಲ್ಲ, ಅದಕ್ಕೆ.

ಮಾರನೇ ದಿನ ಮಧ್ಯಾಹ್ನ, ಊಟದವರೆಲ್ಲ ಎದ್ದು ಹೋದ ಮೇಲೆ ಸುಗಂಧಿ ಹೋಟೆಲಿಗೆ ಬಂದಳು. ಮುಖ ಕಂಡ ಕೂಡಲೇ ನನಗೆ ತಿಳಿಯಿತು.

"ಫೇಲಾ?"

"ಹೌದ್ ಶೀನಣ್ಣ. ಡ್ರೈವಿಂಗ್ ಎಲ್ಲ ಸರಿ ಇತ್ತಂಬ್ರ್. ಬಾಯೇ ಬರ್ಲಿಲ್ಲ."

"ಬಾಯಿ ಬರ್ಲಿಲ್ಲ? ನಿಂಗೆ?" ನಾನು ಕೂಗಿದೆ. "ಸೆಲೂನಿನವನ ಕತ್ತರಿ ನಿಲ್ಸುವವ್ಳಿಗೆ ಬಾಯಿ ಬರ್ಲಿಲ್ಲ ಅಂದ್ರೆ ಎಂತದ್ ಅದ್?"

ಅವಳು ನನ್ನ ಕೌಂಟರನ್ನೇ ನೋಡುತ್ತಿದ್ದಳು. "ಆ ಟ್ರೆವರ್ ಟೈ ಕಟ್ಟಿಕಂಡ್ ಬಂದ. ಪಕ್ಕದಗ್ ಕೂಕಂಡ್ ಪುಸ್ತಕ ಬಿಚ್ಚಿದ. ಅಷ್ಟೇ ಕಾಣಿ, ನೀವ್ ಗಂಟೆ ಹೊಡ್ದ್ ಹಾಂಗೇ ಆಯ್ತ್. ಮಾತಾಡ್, ಮಾತಾಡ್ ಅಂದ ಪಾಪ, ಹತ್ ಸಲ. ನಂಗೆ ಆಯ್ಲಿಲ್ಲ. ತಲಿ ಒಳ್ಗೆ ಇಪ್ಪುದಕ್ಕೆ ಮಾರ್ಕ್ ಕೊಡುಕೆ ಆತ್ತಿಲ್ಲೆ ಅಂದ."

ಇನ್ನು ಒಂದೇ ಅವಕಾಶ, ಆರು ವಾರ ಬಿಟ್ಟು. ಅದೂ ಹೋದರೆ ಪ್ಲಾಟ್‌ಫಾರ್ಮಿಗೆ ವಾಪಸು, ಡ್ರೈವರ್ ಎಂಬ ಮಾತನ್ನೇ ಮರೆಯಬೇಕು. ಹದಿನೈದು ವರ್ಷ ಒಂದು ರೈಲಿನ ಹಿಂದೆ ಬಿದ್ದವಳು, ಅದರ ಬಾಗಿಲಿನ ತನಕ ಹೋಗಿ ನಿಂತಿದ್ದಾಳೆ, ಬಾಯಿಗೆ ಬೀಗ. ಆ ಬೀಗ ಹಾಕಿದವನು ಯಾರು? ನಾನೇ. ಇದನ್ನು ಒಪ್ಪಿಕೊಳ್ಳುವ ಬದಲು ನಾನು ಏನು ಮಾಡಿದೆ ಗೊತ್ತೇ? ಅವಳಿಗೇ ಬೈದೆ. ಹೆದರುಪುಕ್ಕಲಿ ಎಂದೆ, ಇಂಗ್ಲಿಷರ ಎದುರು ಬೆನ್ನೆಲುಬಿಲ್ಲದವಳು ಎಂದೆ. ಅವಳು ಎದ್ದು ಹೋದಳು. ಒಳಗಿನಿಂದ ಜಗನ್ನಾಥ ಹೊರಗೆ ಬಂದು ನನ್ನನ್ನೊಮ್ಮೆ ನೋಡಿದ. ಹದಿನೇಳು ವರ್ಷಗಳಲ್ಲಿ ಅವನು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ದಾರಿ ತೋರಿಸಿದ್ದು ತೃಷಾ. ಈಗ ಅವಳಿಗೆ ಹದಿನೈದು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಎರಡು ದಿನ ಬಿಟ್ಟು ಸ್ಕೂಲಿನಿಂದ ನೇರ ಹೋಟೆಲಿಗೆ ಬಂದು ನನ್ನ ಮೂಗಿನ ಕೆಳಗೆ ಫೋನು ಹಿಡಿದಳು. ಜಪಾನಿನ ರೈಲು ಡ್ರೈವರ್. ಬಿಳಿ ಕೈಗವಸು. ಪ್ರತಿ ಸಿಗ್ನಲ್ಲಿಗೂ ಬೆರಳು ಚಾಚಿ ತೋರಿಸುತ್ತಾನೆ, ಗಟ್ಟಿಯಾಗಿ ಏನೋ ಕೂಗುತ್ತಾನೆ. ಗಡಿಯಾರ ತೋರಿಸಿ ಕೂಗುತ್ತಾನೆ. ವೇಗ ತೋರಿಸಿ ಕೂಗುತ್ತಾನೆ. ಪಕ್ಕದಲ್ಲಿ ಯಾರೂ ಇಲ್ಲ, ಆದರೂ ಕೂಗುತ್ತಾನೆ!

"ಇದ್ ನಮ್ ಹೋಟ್ಲ್ ಅಲ್ದನಾ!" ಎಂದೆ.

"ಇಟ್ಸ್ ಲಿಟರಲಿ ಮಮ್" ಎಂದಳು ತೃಷಾ.

ನಾನು ಆ ಕ್ಷಣವೇ ಕೌಂಟರಿನ ಗಂಟೆಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಸುಗಂಧಿಗೆ ಫೋನು ಮಾಡಿದೆ. ಬಾರದಿದ್ದರೆ ಮನೆಗೇ ಬರುತ್ತೇನೆ ಎಂದು ಹೆದರಿಸಿದೆ, ಬಂದಳು. ಅವತ್ತಿನಿಂದ ಅವಳಿಗೆ ಬಿಡುವಿದ್ದ ಮಧ್ಯಾಹ್ನವೆಲ್ಲ ಮೂರರಿಂದ ಐದರ ತನಕ ಪಾಠ. ನಾನು ಮಗನ ಮದುವೆಗೆ ಹೊಲಿಸಿದ ಸೂಟು ಹಾಕಿ, ಟೈ ಬಿಗಿದು, ಪುಸ್ತಕ ಬಿಚ್ಚಿಕೊಂಡು ನಾಲ್ಕನೇ ಟೇಬಲ್ಲಿನಲ್ಲಿ ಕೂರುತ್ತಿದ್ದೆ. ಎದುರು ಕುರ್ಚಿಯಲ್ಲಿ ಅವಳು. ಸೇಂಟ್ ಪ್ಯಾಂಕ್ರಾಸ್‌ನಿಂದ ಹೊರಟು ಸಿಗ್ನಲ್ಲು, ವೇಗ, ಸುರಂಗ, ಸ್ಟೇಷನ್ನು ಒಂದೊಂದಾಗಿ ಬೆರಳು ಚಾಚಿ ಕೂಗಬೇಕು. ಮೊದಲ ವಾರ ಸೊಳ್ಳೆ ಗುಂಯ್ ಎಂದಂತಿತ್ತು. ನಾನು ಮುಖ ಗಂಟಿಕ್ಕಿ ಪುಸ್ತಕದಲ್ಲಿ ಗೀಚುತ್ತಿದ್ದೆ. ಬರೆಯುತ್ತಿದ್ದದ್ದು ನಾಳೆ ತರಬೇಕಾದ ತರಕಾರಿ. ಅವಳು ಬೆವರುತ್ತಿದ್ದಳು. ಎರಡನೇ ವಾರ ಜಗನ್ನಾಥನಿಗೆ ತಡೆಯಲಾಗಲಿಲ್ಲ. ಅವಳು "ಸ್ಪೀಡ್ ಟೂ ಟ್ವೆಂಟಿಫೈವ್" ಎಂದು ಮೆಲ್ಲಗೆ ಅಂದಳು, ಒಳಗಿನಿಂದ ಅವನು "ಸ್ಪೀಡ್ ಟೂ ಟ್ವೆಂಟಿಫೈವ್!" ಎಂದು ಗುಡುಗಿದ. ಅವಳ ಬಾಯಿಂದ ತಾನಾಗಿಯೇ "ಹೌದ್!" ಎಂದು ಬಿತ್ತು. ಅಲ್ಲಿಂದ ಮುಂದೆ ಸೆಲೂನಿನವನು ಮತ್ತೆ ಕತ್ತರಿ ನಿಲ್ಲಿಸಿ ಬಂದು ಜಗಳ ತೆಗೆಯುವಷ್ಟು ಗಂಟಲು ಬಂತು. ನನಗೆ ಆ ಜಗಳ ಎಷ್ಟು ಖುಷಿ ಕೊಟ್ಟಿತೆಂದರೆ ಅವನಿಗೆ ಒಂದು ಕಾಫಿ ಕೊಟ್ಟು ಕಳಿಸಿದೆ.

ಮಾರ್ಚ್ ತಿಂಗಳ ಒಂದು ಮಂಗಳವಾರ ಎರಡನೇ ಪರೀಕ್ಷೆ. ನಾನು ಹೋಟೆಲಿಗೆ ಬೀಗ ಹಾಕಿ, ಅವಳಿಗೆ ಹೇಳದೆ ಸೇಂಟ್ ಪ್ಯಾಂಕ್ರಾಸ್‌ಗೆ ಹೋಗಿ ಅವಳು ಓಡಿಸುವ ರೈಲಿನ ಮೊದಲ ಬೋಗಿ ಹತ್ತಿದೆ. ಡ್ರೈವರಿನ ಬಾಗಿಲಿಗೆ ಅತಿ ಹತ್ತಿರದ ಸೀಟು ಹಿಡಿದು ಕೂತೆ. ರೈಲು ಹೊರಟಿತು. ಮೈಯೆಲ್ಲ ಕಿವಿ ಮಾಡಿಕೊಂಡರೂ ಒಳಗಿನ ಒಂದು ಮಾತೂ ಕೇಳಿಸಲೊಲ್ಲದು. ಸುರಂಗದ ಸದ್ದು ಬೇರೆ. ಸ್ಟ್ರಾಟ್‌ಫರ್ಡ್ ಹೋಯಿತು. ಅವಳು ಮಾತಾಡುತ್ತಿದ್ದಾಳೋ, ಮತ್ತೆ ಬೀಗ ಬಿತ್ತೋ? ಇರುವ ದೇವರಿಗೆಲ್ಲ ಕೈಮುಗಿದೆ.

ಎಬ್ಸ್‌ಫ್ಲೀಟ್ ಬಂತು. ರೈಲು ನಿಂತಿತು. ತಂತಿ ಬಿಟ್ಟು ಮೂರನೇ ಹಳಿಗೆ ಬರುವ ಜಾಗ ಇದೇ. ಫ್ಯಾನಿನ ಸದ್ದು ನಿಂತು ಬೋಗಿ ನಿಶ್ಶಬ್ದವಾಯಿತು. ಆಗ ಕೇಳಿಸಿತು ನೋಡಿ, ಬಾಗಿಲಿನ ಆಚೆಯಿಂದ, ನನ್ನ ಹೋಟೆಲಿನ ಗಂಟಲು!

"ಪ್ಯಾಂಟೋಗ್ರಾಫ್ ಡೌನ್!"

ತಲೆಯ ಮೇಲಿನ ಕೈ ಮಡಚಿತು ಎಂದರ್ಥ. ಪೇಪರ್ ಓದುತ್ತಿದ್ದವರು ತಲೆ ಎತ್ತಿದರು. ಗಂಡಸಿನ ದನಿಯೊಂದು ಏನೋ ಲೋಕಾಭಿರಾಮ ಮಾತಾಡಿದಂತೆ ಕೇಳಿಸಿತು. ಆಮೇಲೆ ತಿಳಿಯಿತು, ಅದು ಟ್ರೆವರಿನ ಬಲೆ. ಕೆಲಸದ ನಡುವೆ ಹವಾಮಾನದ ಮಾತು ತೆಗೆದು, ಸರಿ ಹೋಗೋಣವೇ ಎಂದು ಕೇಳುತ್ತಾನಂತೆ. ಕೆಳಗಿನ ಪಾದ ಚಾಚಿದೆ, ಕರೆಂಟು ಬಂದಿದೆ ಎಂದು ಎದುರಿನ ಫಲಕ ಇನ್ನೂ ತೋರಿಸಿರುವುದಿಲ್ಲ. ಹಿರಿಯನು ಹೇಳಿದನಲ್ಲ ಎಂದು ತಲೆ ಆಡಿಸಿ ಮುಂದುವರಿದರೆ ಅಲ್ಲಿಗೆ ಮುಗಿಯಿತು.

"ನಿಲ್ಕಣಿ! ಉತ್ರ ಬರ್ಲಿಲ್ಲ!" ಸುಗಂಧಿ ಗರ್ಜಿಸಿದಳು.

ಅಪ್ಪಟ ಕುಂದಾಪುರದ ಕನ್ನಡ, ಇಂಗ್ಲಿಷ್ ಪರೀಕ್ಷಕನಿಗೆ! ಮುಗಿಯಿತು, ಕೆಲಸ ಹೋಯಿತು ಎಂದುಕೊಂಡೆ. ಎರಡು ಕ್ಷಣ ಬಿಟ್ಟು ಮತ್ತೆ ಅವಳ ದನಿ, ಈಗ ಇಂಗ್ಲಿಷಿನಲ್ಲಿ, ಒಂದೊಂದೂ ಸ್ಪಷ್ಟವಾಗಿ. "ಶೂಸ್ ಡೌನ್! ಪವರ್ ಆನ್! ಡೋರ್ಸ್ ಕ್ಲೋಸ್ಡ್! ಸಿಗ್ನಲ್ ಗ್ರೀನ್!" ರೈಲು ಮೆಲ್ಲಗೆ ಕದಲಿತು. ನಾನು ಸೀಟಿನ ಕೈ ಹಿಡಿದುಕೊಂಡು ನಗುತ್ತಿದ್ದೆ. ಎದುರಿಗಿದ್ದ ಮುದುಕಿ ನನಗೆ ಮೈ ಸರಿಯಿಲ್ಲವೆಂದು ತಿಳಿದು ನೀರು ಕೊಟ್ಟಳು. ಕುಡಿದೆ.

ಹೋಗುವುದೂ ಬರುವುದೂ ಸೇರಿ ಮೂರು ತಾಸು. ನಾನು ಆ ಸೀಟು ಬಿಟ್ಟು ಎದ್ದದ್ದು ಕೊನೆಯ ಸ್ಟೇಷನ್ ಫಾವರ್‌ಶಮ್‌ನಲ್ಲಿ ಒಮ್ಮೆ, ಮೂತ್ರಕ್ಕೆ ಮಾತ್ರ. ಬರುವಾಗ ಅವರ ಕ್ಯಾಬು, ಅಂದರೆ ಡ್ರೈವರಿನ ಕೋಣೆ, ರೈಲಿನ ಇನ್ನೊಂದು ತುದಿಗೆ, ನಾನೂ ಅಲ್ಲಿಗೇ ಓಡಿದೆ. ಸೇಂಟ್ ಪ್ಯಾಂಕ್ರಾಸ್ ಮುಟ್ಟಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಂಬದ ಹಿಂದೆ ನಿಂತೆ. ಕ್ಯಾಬಿನಿಂದ ಮೊದಲು ಟ್ರೆವರ್ ಇಳಿದ, ಆಮೇಲೆ ಸುಗಂಧಿ. ಅವನು ಪುಸ್ತಕ ಮುಚ್ಚಿ ಕೈ ಚಾಚಿದ. ಅವಳು ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟಳು. ಪಾಸು! ನನಗೆ ಕಂಬದ ಹಿಂದೆ ನಿಲ್ಲಲಾಗಲಿಲ್ಲ, ಓಡಿದೆ. ಅರವತ್ತೇಳು ವರ್ಷದ ಮಂಡಿ ಅವತ್ತು ನೋಯಲಿಲ್ಲ.

"ಹ್ವಾಯ್! ನೀವ್ ಎಲ್ಲಿಂದ ಬಂದ್ರಿ ಮಾರ್ರೆ!" ಎಂದಳು ಅವಳು, ಅಳುತ್ತಲೇ ನಗುತ್ತ.

ಟ್ರೆವರ್ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಹೋಟೆಲಿನ ಯಜಮಾನ ನೀನೇ ಏನು ಎಂದು ಕೇಳಿದ. ಅವಳು ದಾರಿಯಲ್ಲಿ ಎಲ್ಲ ಹೇಳಿದ್ದಳಂತೆ. ಮೂವತ್ತು ವರ್ಷಗಳಲ್ಲಿ ತನಗೆ ಕೈ ಅಡ್ಡ ಹಿಡಿದು ಬಾಯಿ ಮುಚ್ಚಿಸಿದ ಅಭ್ಯರ್ಥಿ ಇವಳೊಬ್ಬಳೇ, ಸರಿಯಾಗಿಯೇ ಮಾಡಿದಳು, ಇಷ್ಟು ಚೆನ್ನಾಗಿ ಕೂಗಲು ಕಲಿಸಿದವನು ನೀನೋ ಎಂದ.

ಹೌದು ಎನ್ನಲು ಬಾಯಿ ತೆರೆದೇಬಿಟ್ಟಿದ್ದೆ. ಹೆಮ್ಮೆ ಯಾರಿಗೆ ಬೇಡ? ಆದರೆ ಪಕ್ಕದಲ್ಲಿ ಅವಳು ನಿಂತಿದ್ದಳು, ಕಣ್ಣು ಒರೆಸಿಕೊಳ್ಳುತ್ತ.

"ನೋ ಸರ್" ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ. "ಕೂಗುವುದನ್ನು ಅವಳು ಊರಿನಿಂದಲೇ ತಂದಿದ್ದಳು. ಬಾಯಿ ಮುಚ್ಚುವುದನ್ನು ಕಲಿಸಿದವನು ನಾನು."

ಟ್ರೆವರಿಗೆ ಅದು ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಸುಗಂಧಿಗೆ ಆಯಿತು. "ಅದೆಲ್ಲ ಬಿಡಿ ಶೀನಣ್ಣ" ಎಂದು ನನ್ನ ತೋಳು ಹಿಡಿದುಕೊಂಡಳು. ಹೆದರುಪುಕ್ಕಲಿ ಎಂದು ಬೈದದ್ದಕ್ಕೆ ನಾನು ಅಲ್ಲಿಯೇ ತಪ್ಪಾಯಿತು ಎಂದೆ. ಆ ಮಾತನ್ನು ನಾನು ಹಿಂದೆ ಯಾರಿಗಾದರೂ ಹೇಳಿದ್ದು ನನಗೆ ನೆನಪಿಲ್ಲ.

ಏಪ್ರಿಲ್ಲಿನಿಂದ ಅವಳು ಒಬ್ಬಳೇ ಓಡಿಸತೊಡಗಿದಳು. ಮೊದಲ ದಿನ ಬೆಳಿಗ್ಗೆ ಜಗನ್ನಾಥ, ತೃಷಾ, ನಾನು ಮೂವರೂ ಹೋದೆವು. ಅವರಿಬ್ಬರೂ ಮುಂದಿನ ಬೋಗಿಗೆ ಓಡಿದರು. ನಾನು ಎಲ್ಲಿ ಕೂತರೇನು ಎಂದು ನಡುವಿನ ಬೋಗಿ ಹತ್ತಿದೆ. ನಾನು ಎಂಥ ಮನುಷ್ಯನೆಂದರೆ ಬಸ್ಸಿನಲ್ಲಿ ಕೂತರೂ ಡ್ರೈವರಿನ ಬೆನ್ನು ನೋಡುತ್ತಿರಬೇಕು, ವಿಮಾನದಲ್ಲಿ ಕೂತರೆ ರೆಕ್ಕೆ ನೋಡುತ್ತಿರಬೇಕು, ಇನ್ನೊಬ್ಬರ ಕೈಗೆ ಜೀವ ಕೊಟ್ಟು ಕಣ್ಣು ಮುಚ್ಚಿದವನೇ ಅಲ್ಲ. ಸುರಂಗದೊಳಗೆ ರೈಲು ವೇಗ ಹಿಡಿದದ್ದು ನೆನಪಿದೆ. ಸ್ಟ್ರಾಟ್‌ಫರ್ಡ್ ಎಂದು ಯಾರೋ ಹೇಳಿದ್ದು ನೆನಪಿದೆ. ಆಮೇಲೆ ಭುಜದ ಮೇಲೆ ಯಾರೋ ಕೈ ಇಟ್ಟು ಅಲುಗಿಸಿದರು. ಕಣ್ಣು ಬಿಟ್ಟರೆ ಬೋಗಿ ಪೂರಾ ಖಾಲಿ, ಎದುರಿಗೆ ಡ್ರೈವರಿನ ಕೋಟು ಹಾಕಿದ ಸುಗಂಧಿ.

"ಏಳಿ ಶೀನಣ್ಣ, ಫಾವರ್‌ಶಮ್ ಬಂತ್. ಒಳ್ಳೆ ಗೊರ್ಕಿ ಹೊಡಿತಿದ್ರಿ."

"ಎಷ್ಟ್ ಸ್ಪೀಡಗ್ ಬಿಟ್ಟಿದ್ದೆ?" ಎಂದು ಕೇಳಿದೆ, ನಾಚಿಕೆ ಮುಚ್ಚಿಕೊಳ್ಳಲು.

"ಇನ್ನೂರ್ ಇಪ್ಪತ್ತೈದ್."

"ನಂಗೆ ಗೊತ್ತೇ ಆಯ್ಲಿಲ್ಲ ಮಾರಾಯ್ತಿ."

"ಗೊತ್ತಾಪುಕಾಗ" ಎಂದಳು ಅವಳು. "ನೀವ್ ನಿದ್ರಿ ಮಾಡಿದ್ರಿ ಅಂದ್ರೆ ನಾನ್ ಸರಿ ಓಡ್ಸಿದೆ ಅಂದೇ ಲೆಕ್ಕ."